ಕೊನೆಯ ಹೊಂಡದ ಬೊಗಸೆ

ಕೆರೆಯ ಏರಿಯ ಮೇಲೊಂದು ಆಶ್ರಮ. ಅಲ್ಲಿ ಮರುಳಯ್ಯನವರು ಗುರು, ಚೆಲುವಯ್ಯ ಶಿಷ್ಯ. ತೂಬು ಎತ್ತಿ ಕಾಲುವೆಗೆ ನೀರು ಬಿಡುವ ಹೊಣೆ ಹಿಂದಿನಿಂದಲೂ ಆಶ್ರಮದ್ದೇ.

ಅದಕ್ಕೊಂದು ಕಟ್ಟಳೆಯಿತ್ತು. ನೀರು ಬಿಟ್ಟವನು ಕಾಲುವೆಯ ಜೊತೆಗೇ ನಡೆದು ಕೊನೆಯ ಕೇರಿಯ ಹೊಂಡಕ್ಕೆ ಹೋಗಬೇಕು. ಅಲ್ಲಿ ಒಂದು ಬೊಗಸೆ ಕುಡಿಯಬೇಕು. ಕುಡಿದು ಬಂದ ಮೇಲೆಯೇ ಮೇಲಿನ ತೋಟಗಳಿಗೆ ನೀರು ತಿರುಗಿಸಬೇಕು.

ಗುರುಗಳ ಮೊಣಕಾಲು ಸೋತ ಮೇಲೆ ಆ ಕೆಲಸ ಚೆಲುವಯ್ಯನ ಪಾಲಿಗೆ ಬಂತು. ಅದೇ ವರ್ಷ ಕಾಲುವೆಯ ತಲೆಯಲ್ಲಿ ಗುಲಾಬಿ ತೋಟ ಎದ್ದಿತು. ಎಲ್ಲಿ ನೋಡಿದರೂ ಹೂ ಬೆಳೆಯುವ ಪ್ಲಾಸ್ಟಿಕ್ ಮನೆಗಳು. ತೋಟದ ಮ್ಯಾನೇಜರ್ ದಿನಾ ಪೂಜೆಗೆಂದು ಒಂದು ಬುಟ್ಟಿ ಗುಲಾಬಿ ಕಳಿಸುವನು. ಎಂಥ ಗುಲಾಬಿ ಅಂತೀರಿ! ಚೆಲುವಯ್ಯ ಅದನ್ನು ನೋಡಿ ನೋಡಿ ಹಿಗ್ಗುವನು.

“ಸ್ವಾಮಿ, ಈ ಬಿಸಿಲಲ್ಲಿ ಅಷ್ಟು ದೂರ ಯಾಕೆ ಕಾಲು ಸವೆಸ್ತೀರಿ? ಮೊದಲು ನಮಗೆ ಬಿಡಿ. ಉಳಿದದ್ದು ತಾನಾಗಿ ಹೊಂಡಕ್ಕೆ ಹೋಗುತ್ತೆ,” ಎಂದ ಮ್ಯಾನೇಜರ್ ಒಂದು ದಿನ.

ಚೆಲುವಯ್ಯನಿಗೂ ಅದೇ ಬೇಕಿತ್ತು. ನಡೆಯುವುದನ್ನು ಬಿಟ್ಟ.

ಗುರುಗಳು ಕೇಳಿದರೆ “ಹೊಂಡ ತುಂಬಿದೆ” ಎನ್ನುವನು. ಸುಳ್ಳೇನಲ್ಲ, ತುಂಬಿಯೇ ಇತ್ತು. ಯಾತರಿಂದ ತುಂಬಿದೆ ಎಂದು ಈ ಪುಣ್ಯಾತ್ಮ ಹೋಗಿ ನೋಡಿದ್ದರೆ ತಾನೆ?

ಒಂದು ಬೆಳಿಗ್ಗೆ ಅವನು ಗುಲಾಬಿ ಜೋಡಿಸುತ್ತಿದ್ದಾಗ ಕೊನೆಯ ಕೇರಿಯ ಕದಿರಮ್ಮ ಖಾಲಿ ಕೊಡ ಹಿಡಿದು ಬಂದಳು.

“ಒಂದು ಕೊಡ ಬಾವಿ ನೀರು ಕೊಡಿ ಬುದ್ಧಿ.”

“ಯಾಕಮ್ಮ, ನಿಮ್ಮ ಹೊಂಡದಲ್ಲಿ ನೀರಿದೆಯಲ್ಲ?”

“ಐತೆ. ನನ್ನ ಮೊಮ್ಮಗಳು ಅದನ್ನೇ ಕುಡಿದು, ವಾಂತಿ ಮಾಡ್ಕೊಂಡು ಮಾಡ್ಕೊಂಡು ಹೋಗ್ಬಿಟ್ಲು. ಈಗ ಕೂಸಿನ ಮೈ ತೊಳೀಬೇಕು. ಆ ನೀರಲ್ಲಿ ತೊಳೆಯೋಕೆ ಮನಸ್ಸು ಬರಲಿಲ್ಲ.”

ಚೆಲುವಯ್ಯನ ಕೈಯಿಂದ ಬುಟ್ಟಿ ಜಾರಿತು.

ಜಗಲಿಯಲ್ಲಿ ಕೂತು ಕೇಳುತ್ತಿದ್ದ ಗುರುಗಳೇ ಎದ್ದು ಬಾವಿಯಿಂದ ನೀರು ಸೇದಿದರು. ಕೊಡ ತುಂಬಿ, ಅವಳ ತಲೆಗೆ ಎತ್ತಿ ಕಳಿಸಿದರು.

“ನಡಿ,” ಎಂದು ಶಿಷ್ಯನಿಗೆ ಹೇಳಿ ಊರುಗೋಲು ಹಿಡಿದರು.

ಕಾಲುವೆಯ ಪಕ್ಕದಲ್ಲೇ ಇಬ್ಬರೂ ನಡೆದರು. ಗುಲಾಬಿ ತೋಟ ದಾಟಿದ ಕೂಡಲೇ ಒಂದು ಕೊಳವೆ ಕಂಡಿತು. ಹೂಗಳಿಗೆ ಹೊಡೆದ ಔಷಧಿ ತೊಳೆದ ನೀರು ಅದರಿಂದ ಕಾಲುವೆಗೆ ಸುರಿಯುತ್ತಿತ್ತು. ವಾಸನೆಗೆ ಚೆಲುವಯ್ಯ ಮೂಗು ಮುಚ್ಚಿಕೊಂಡ.

“ಗುರುಗಳೇ, ಇವತ್ತೇ ತೋಟಕ್ಕೆ ನೀರು ನಿಲ್ಲಿಸ್ತೀನಿ!”

“ಅಲ್ಲಿ ಹೂ ಕೊಯ್ಯೋರು ಯಾರು?”

“ಕೊನೆಯ ಕೇರಿಯ ಹೆಂಗಸರು.”

“ಅವರ ಕೂಲಿಯನ್ನೂ ಕಿತ್ತುಕೊಳ್ತೀಯಾ? ಕೊನೆಯವರು ಕುಡಿದ ಮೇಲೆ ತೋಟಕ್ಕೂ ಬಿಡು. ಈ ಕೊಳವೆ ಕಾಲುವೆಗೆ ತಾಗಕೂಡದು ಅಂತ ಮ್ಯಾನೇಜರಿಗೆ ಹೇಳು. ಇಷ್ಟೇ ಇದ್ದದ್ದು.”

ಇಷ್ಟೇ ಇದ್ದದ್ದು.

“ತಪ್ಪಾಯ್ತು ಗುರುಗಳೇ. ಇನ್ನು ಮೇಲೆ ದಿನಾ ನಡೀತೀನಿ.”

ಗುರುಗಳು ಊರುಗೋಲೂರಿ ಮುಂದೆ ನಡೆದರು. ಕೇರಿ ಬಂತು. ಕದಿರಮ್ಮನ ಮನೆಯಿಂದ ಅಳು ಕೇಳುತ್ತಿತ್ತು.

ಹೊಂಡದ ಅಂಚಿನಲ್ಲಿ ಗುರುಗಳು ಊರುಗೋಲು ಇಟ್ಟು, ಮೊಣಕಾಲು ಒತ್ತಿಕೊಳ್ಳುತ್ತಾ ಕುಳಿತರು.

“ಇವತ್ತಿನ ಬೊಗಸೆ ಬಾಕಿ ಇದೆ,” ಎಂದು ನೀರನ್ನು ತುಂಬಿಕೊಂಡು ತುಟಿಗೆ ಎತ್ತಿದರು.

“ಅಯ್ಯೋ, ವಿಷ ಗುರುಗಳೇ!”

ಚೆಲುವಯ್ಯ ಹಾರಿ ಬಂದು ಅವರ ಬೊಗಸೆಗೆ ಹೊಡೆದ. ನೀರೆಲ್ಲ ನೆಲಕ್ಕೆ ಚೆಲ್ಲಿತು.

ಗುರುಗಳು ಶಿಷ್ಯನ ಒದ್ದೆ ಕೈಯನ್ನು ಹಿಡಿದುಕೊಂಡು ನೋಡಿದರು.

“ಎಷ್ಟು ಬೇಗ ಬಂತಲ್ಲ ಈ ಕೈ,” ಎಂದರು. “ಆ ಕೂಸು ಬೊಗಸೆ ಎತ್ತಿದಾಗ ಎಲ್ಲಿತ್ತು?”