ನೀಲಗಂಗಾಳ ಮೊದಲ ಹಾಳೆ

ರಾಚಯ್ಯ ಗುರುಗಳು ಹೊಳೆದಂಡೆಯ ಮಠದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರಲ್ಲಿ ಪರೀಕ್ಷೆ ಎಂಬುದೇ ಇರಲಿಲ್ಲ.

ಮೇಲಿನ ತರಗತಿಯವರು ವರ್ಷದ ಕೊನೆಗೆ ತಮ್ಮ ಹತ್ತು ಬರಹಗಳನ್ನು ಆರಿಸಿ ಒಂದು ಫೈಲಿನಲ್ಲಿಟ್ಟು ಕೊಡಬೇಕು. ಎಲ್ಲಕ್ಕಿಂತ ಮೇಲೆ ಇನ್ನೊಂದು ಹಾಳೆ. ತಾನು ಎಲ್ಲಿದ್ದೆ, ಎಲ್ಲಿಗೆ ಬಂದೆ, ಹೇಗೆ ಬಂದೆ ಎಂದು ಅದರಲ್ಲಿ ತಾನೇ ಬರೆಯಬೇಕು. ಗುರುಗಳಿಗೆ ಯಾರ ಫೈಲು ಒಪ್ಪಿಗೆಯಾಗುತ್ತದೋ ಅವರಿಗೆ ಕೆಳಗಿನ ತರಗತಿಗೆ ಕಲಿಸುವ ಕೆಲಸ.

ಆ ಕೆಲಸ ತನಗೇ ಸಿಗಬೇಕೆಂದು ನೀಲಗಂಗಾ ಹಟ ಹಿಡಿದಿದ್ದಳು. ಸಿಗದಿದ್ದರೆ ಯುಗಾದಿಗೆ ಊರಿಗೆ ಹೋಗಿ ಅಣ್ಣನ ಗಿರಣಿಯಲ್ಲಿ ಹಿಟ್ಟು ತೂಗುತ್ತ ಕೂರಬೇಕು. ಅದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಫೈಲು ಕೊಡುವ ವಾರ ಅವಳು ತನ್ನ ಮೊದಲ ತಿಂಗಳ ಬರಹಗಳನ್ನು ತೆಗೆದು ನೋಡಿದಳು. ಬಹಳ ನಾಚಿಕೆಯಾಯಿತು. ಇವನ್ನು ಯಾರಾದರೂ ಕೊಡುತ್ತಾರೆಯೇ? ಎಲ್ಲವನ್ನೂ ತಿದ್ದಿ, ಹೊಸ ಹಾಳೆಯಲ್ಲಿ ದುಂಡಗೆ ಬರೆದು, ಕೆಳಗೆ ಜೂನ್ ತಿಂಗಳ ತಾರೀಖನ್ನೇ ಹಾಕಿದಳು. ಎಲ್ಲಕ್ಕಿಂತ ಮೇಲಿನ ಹಾಳೆಯನ್ನೂ ಅದಕ್ಕೆ ಹೊಂದುವಂತೆ ಬರೆದಳು. ಹಳೆಯ ಹಾಳೆಗಳು ದಾಸೋಹದ ಒಲೆಗೆ ಹೋದವು. ಬಲು ಜಾಣೆ ನಮ್ಮ ನೀಲಗಂಗಾ.

ಗುರುಗಳು ಫೈಲನ್ನು ಮೊದಲಿನಿಂದ ಕೊನೆಯವರೆಗೆ ಅವಸರವಿಲ್ಲದೆ ಓದಿದರು.

“ಭಾಳ ಚಂದ ಐತಿ. ಒಂದು ತಪ್ಪಿಲ್ಲ.”

ಅವಳ ಮುಖ ಅರಳಿತು.

“ಇದರಾಗ ಕಲತಾಕಿ ಯಾರವ್ವಾ?”

“ನಾನ ರೀ, ಗುರುಗಳ.”

“ಹೌದಾ?”

ಗುರುಗಳು ಫೈಲು ಮುಚ್ಚಿ ಅವಳ ಕೈಗೇ ಕೊಟ್ಟರು. “ಇವತ್ತೊಂದು ದಿನ ಕೆಳಗಿನ ತರಗತಿ ನೀ ತಗೋ. ದ್ಯಾಮಣ್ಣ ಎಂಟು ದಿನದಿಂದ ಒಂದ ಸಾಲಿಗೆ ಒದ್ದಾಡಾಕತ್ತಾನ. ಬ್ಯಾರೆ ಪುಸ್ತಕ ಬ್ಯಾಡ. ಇದನ್ನ ತೋರಸು.”

ದ್ಯಾಮಣ್ಣ ಆಚೆ ದಂಡೆಯ ನೇಕಾರ, ನಲವತ್ತು ದಾಟಿದವನು. ತನ್ನ ಸೀರೆಗಳ ಬಗ್ಗೆ ಪರರಾಜ್ಯದ ಅಂಗಡಿಗಳಿಗೆ ತಾನೇ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕೆಂಬ ಆಸೆಯಿಂದ ದಿನಾ ದೋಣಿ ಹತ್ತಿ ಬರುತ್ತಿದ್ದ. ಓದಲು ಹೇಗೋ ಬರುತ್ತಿತ್ತು. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ನೀಲಗಂಗಾ ಫೈಲು ತೆರೆದು ಹತ್ತರಲ್ಲಿ ಮೊದಲ ಬರಹ ತೋರಿಸಿದಳು. ಅವ್ವ ರೊಟ್ಟಿ ಬಡಿಯುವುದರ ಬಗ್ಗೆ ಬರೆದದ್ದು.

“ಇದು ನಾ ಬಂದ ಮೊದಲನೇ ವಾರ ಬರದದ್ದು, ಅಣ್ಣಾರ. ಓದ್ರಿ, ಧೈರ್ಯ ಬರ್ತೈತಿ.”

ದ್ಯಾಮಣ್ಣ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದ. ಓದಿ ಪೆನ್ನಿಗೆ ಮುಚ್ಚಳ ಹಾಕಿದ.

“ಮೊದಲನೇ ವಾರದಾಗ ಹಿಂಗಾ?”

“ಹೂಂ ರೀ.”

“ಹಂಗಾದ್ರ ಇದು ನನ್ನಂಥವರಿಗೆ ಅಲ್ಲ ಬಿಡ್ರಿ, ಅಕ್ಕಾರ. ಮಗ್ಗ ಸುಮ್ನ ನಿಂತೈತಿ ಅಲ್ಲಿ.”

ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ನೋಟುಬುಕ್ಕನ್ನು ಚಾಪೆಯ ಮೇಲೆಯೇ ಬಿಟ್ಟು ಹೊಳೆಯ ಕಡೆ ನಡೆದ.

ಗುರುಗಳ ಮುಂದೆ ಸುಳ್ಳು ಹಾಳೆ ಇಟ್ಟಾಗ ನೀಲಗಂಗಾಳಿಗೆ ಇಷ್ಟು ಕಷ್ಟವಾಗಿರಲಿಲ್ಲ. ನಿಜ ಹೇಳಿದರೆ ಸಂಜೆಯೊಳಗೆ ಮಠಕ್ಕೆಲ್ಲ ಸುದ್ದಿಯಾಗುತ್ತದೆ, ಕೆಲಸ ಕೈತಪ್ಪುತ್ತದೆ. ಅದು ಗೊತ್ತಿದ್ದೂ ಅವಳು ಫೈಲು ಹಿಡಿದುಕೊಂಡೇ ಓಡಿದಳು.

ದ್ಯಾಮಣ್ಣ ಘಾಟಿನ ಕೊನೆಯ ಮೆಟ್ಟಿಲಲ್ಲಿದ್ದ. ದೋಣಿ ದಂಡೆಗೆ ಬಂದಿತ್ತು.

“ನಿಲ್ರಿ, ಅಣ್ಣಾರ! ಅದು ಸುಳ್ಳು.”

“ಯಾವದ್ರಿ?”

“ಆ ಹಾಳಿ. ಹೋದ ವಾರ ತಿದ್ದಿ ಬರದೀನಿ. ತಾರೀಖು ಅಷ್ಟ ಹಳೇದು.”

“ಮತ್ತ ಖರೇ ಬರದದ್ದು?”

“ಸುಟ್ಟ ಹಾಕೀನ್ರಿ.” ಅವಳಿಗೆ ತಲೆ ಎತ್ತಲಾಗಲಿಲ್ಲ. “ಅಷ್ಟು ಕೆಟ್ಟದಿತ್ತು.”

ದ್ಯಾಮಣ್ಣ ಹೋಗಲೂ ಇಲ್ಲ, ಮರಳಿ ಬರಲೂ ಇಲ್ಲ. ಅವಳು ಮೆಟ್ಟಿಲ ಮೇಲೆ ಕೂತು, ಅದೇ ಹಾಳೆಯ ಹಿಂಬದಿಗೆ ಹಳೆಯದನ್ನು ನೆನಪಿದ್ದಂತೆ ಬರೆಯತೊಡಗಿದಳು. ಇಂಗ್ಲಿಷ್ ಶಬ್ದ ತೋಚದಲ್ಲಿ ಅಂದು ಕನ್ನಡವನ್ನೇ ಬರೆದಿದ್ದಳು, ಈಗಲೂ ಹಾಗೇ ಬರೆದಳು. ಒಂದು ಸಾಲನ್ನು ಅರ್ಧಕ್ಕೇ ಬಿಟ್ಟಳು.

“ಇಲ್ಲಿ ಗೀಚಿ ಗೀಚಿ ಕಾಗದ ಹರದಿತ್ತು,” ಎಂದು ಬೆರಳಿಟ್ಟು ತೋರಿಸಿದಳು.

ದ್ಯಾಮಣ್ಣ ಬಗ್ಗಿ ನೋಡಿ ಗಟ್ಟಿಯಾಗಿ ನಕ್ಕ. “ರೊಟ್ಟಿ, ಹಂಚು, ಕಟ್ಟಿಗಿ ಎಲ್ಲಾ ಕನ್ನಡದಾಗ ಅದಾವಲ್ರಿ! ಇದನ್ನ ನೋಡಿ ಗುರುಗಳು ಏನಂದ್ರು?”

“ಮುಂದಿನ ಸಾಲು ಬರಿ ಅಂದ್ರು.”

“ಅಷ್ಟನಾ?”

“ಅಷ್ಟ ರೀ.”

ದೋಣಿಯವನು ಹುಟ್ಟು ಬಡಿದು ಕರೆದ. ದ್ಯಾಮಣ್ಣ ಇನ್ನೊಮ್ಮೆ ಆ ಹಾಳೆ ನೋಡಿದ.

“ನೀ ಹೋಗಪಾ,” ಎಂದ ದೋಣಿಯವನಿಗೆ.

ಸಂಜೆ ನೀಲಗಂಗಾ ಫೈಲನ್ನು ಗುರುಗಳ ಮುಂದಿಟ್ಟು ಕೈಕಟ್ಟಿ ನಿಂತಳು.

“ಹತ್ತರಾಗ ಮೂರು ಸುಳ್ಳು ತಾರೀಖಿನವು, ಗುರುಗಳ. ಮ್ಯಾಲಿನ ಹಾಳಿನೂ ಖರೇ ಅಲ್ಲ. ತಪ್ಪಾತು.”

ಗುರುಗಳು ಫೈಲು ತೆರೆದು ಹಾಳೆಗಳನ್ನು ತಿರುವಿದರು.

“ಊರಿಗೆ ಹೋಗಂದ್ರ ಹೋಗ್ತೀನ್ರಿ. ಆದ್ರ ಬಾಯಿಬಿಟ್ಟು ಹೇಳಿಬಿಡ್ರಿ. ನಾ ಕಲಸಾಕ ಆಗ್ತೀನೋ ಇಲ್ಲೋ?”

“ದ್ಯಾಮಣ್ಣ ದೋಣಿ ಹತ್ತಿದನೇನು?”

“ಇಲ್ರಿ. ಒಳಗ ಕುಂತು ಬರಿಯಾಕತ್ತಾನ. ಮೂರನೇ ಸಾಲು.”

“ಮತ್ತ ನನ್ನ ಯಾಕ ಕೇಳ್ತಿ?”