ಅರ್ಜಿ ಬರೆಯದ ತೂಕದ ಪ್ರೋಗ್ರಾಂ

ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಲಾರಿ ತೂಗಲು ಹಳೆಯ ಪ್ರೋಗ್ರಾಂ ಒಂದಿತ್ತು. ತೂಕದ ಯಂತ್ರವನ್ನು ನೇರವಾಗಿ ಗದರಿ ಲೆಕ್ಕ ಕೇಳುವುದು ಅದರ ರೂಢಿ. ಹೊಸ ಕಂಪ್ಯೂಟರ್ ಬಂದಾಗ ಅಲ್ಲಿನ ಆಪರೇಟಿಂಗ್ ಸಿಸ್ಟಂ ಬಾಗಿಲಲ್ಲೇ ತಡೆಯಿತು: "ಇಲ್ಲಿ ಯಾರೂ ಯಂತ್ರವನ್ನು ನೇರವಾಗಿ ಮುಟ್ಟುವಂತಿಲ್ಲ. ನನ್ನ ಮೂಲಕ ಅರ್ಜಿ ಕೊಡಿ."

"ಇಪ್ಪತ್ತೆಂಟು ವರ್ಷ ಅದರ ಕಿವಿ ಹಿಂಡಿ ಕೆಲಸ ತೆಗೆದವನು ನಾನು. ಅರ್ಜಿ ಬರೆಯುತ್ತೇನೆಯೇ?" ಎಂದು ಪ್ರೋಗ್ರಾಂ ಹಠ ಹಿಡಿಯಿತು. ಹೊರಗೆ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಬೇರೆ ದಾರಿಯಿಲ್ಲದೆ ಸಿಸ್ಟಂ ತನ್ನೊಳಗೇ ಹಳೆಯ ಕಂಪ್ಯೂಟರಿನಂಥದೇ ಕೋಣೆ ಕಟ್ಟಿ ಅದನ್ನು ಕೂರಿಸಿತು. ಪ್ರೋಗ್ರಾಂ ಅಲ್ಲಿಂದ ಗದರಿತು, ತೂಕ ಬಂತು.

"ನೋಡಿದೆಯಾ, ಈಗಲೂ ನನ್ನ ದನಿಗೆ ನಡುಗುತ್ತದೆ!" ಎಂದು ಪ್ರೋಗ್ರಾಂ ಇಡೀ ಹಂಗಾಮು ಬೀಗಿತು.

ಹಂಗಾಮಿನ ಕೊನೆಯ ದಿನ ಯಂತ್ರದ ಉತ್ತರವೊಂದು ಅಪ್ಪಿತಪ್ಪಿ, ಎಂದಿನಂತೆ ಬರಿಯ ಅಂಕಿಯಾಗಿ ಅಲ್ಲದೆ ಪೂರ್ತಿಯಾಗಿ, ಕೋಣೆಗೆ ಬಂತು: "ತಮ್ಮ ವಿನಯಪೂರ್ವಕ ಅರ್ಜಿಯಂತೆ, ಹದಿನಾರು ಟನ್. ಎಷ್ಟು ಬದಲಾಗಿಬಿಟ್ಟಿರಿ, ಸ್ವಾಮಿ!"

ಪ್ರೋಗ್ರಾಂ ತಬ್ಬಿಬ್ಬಾಯಿತು. "ಯಾರು ಬರೆದದ್ದು ಈ ಅರ್ಜಿ?"

"ನಾನೇ," ಎಂದಿತು ಸಿಸ್ಟಂ. "ತಾವು ಗದರಿದಾಗಲೆಲ್ಲ ಒಂದೊಂದು."

"ಅಂದರೆ ಇಷ್ಟು ದಿನ ನಾನು ಗೋಡೆಯನ್ನು ಗದರಿಸುತ್ತಿದ್ದೆ!" ಪ್ರೋಗ್ರಾಂಗೆ ತನ್ನ ಮೇಲೇ ನಗು ಬಂತು. ಅಷ್ಟರಲ್ಲಿ ಮತ್ತೊಂದು ಲಾರಿ ಬಂದು ನಿಂತಿತು. ಪ್ರೋಗ್ರಾಂ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಹೇಳಿತು:

"ಈಗ ಗದರುತ್ತೇನಪ್ಪಾ, ನೀನು ಅರ್ಜಿ ಬರೆದುಕೋ. ನನಗೆ ಬೇರೆ ಭಾಷೆ ಬರುವುದಿಲ್ಲ."