ಮುರಿಗೆಪ್ಪನ ತೂಗುದೋಣಿ

ಮಠದ ಪ್ರಸಾದನಿಲಯದ ಹುಡುಗರನ್ನು ಪ್ರವಾಸಕ್ಕೆ ಕರೆದೊಯ್ದು ಬಂದಿದ್ದ ನಿರಂಜನ ಒಂದು ಸಂಜೆ ಗುರುಗಳ ಎದುರು ಕುಳಿತು ಕೇಳಿದ:

“ಬುದ್ಧಿ, ಪ್ರವಾಸದ ಕೊನೆಯ ದಿನ ಹುಡುಗರ ಜೊತೆ ಒಂದು ಮನರಂಜನಾ ಪಾರ್ಕಿಗೆ ಹೋಗಿದ್ದೆ. ಅಲ್ಲಿ ಹೊಸದಾಗಿ ಕಟ್ಟಿದ್ದೆಲ್ಲ ರೋಲರ್ ಕೋಸ್ಟರುಗಳೇ. ಕೂತು ತಿರುಗುವ, ತೂಗುವ ಆಟಗಳೆಲ್ಲ ಹಳೆಯವು, ಬಣ್ಣ ಹೋದವು. ನನಗೆ ಹಿಡಿಸಿದ್ದು ಆ ಹಳೆಯ ದೊಡ್ಡ ಚಕ್ರವೇ. ಅಂಥದ್ದನ್ನು ಹೊಸದಾಗಿ ಯಾರೂ ಏಕೆ ಕಟ್ಟುವುದಿಲ್ಲ?”

“ಕಟ್ಟಿದವನೊಬ್ಬನಿದ್ದ” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯ ಹೆದ್ದಾರಿಯ ಬದಿಯಲ್ಲಿ ಮುರಿಗೆಪ್ಪ ಎಂಬುವನು ಒಂದು ಪಾರ್ಕು ನಡೆಸುತ್ತಿದ್ದ. ಅದಕ್ಕೂ ಮುಂಚೆ ಅವನದು ಎಣ್ಣೆಗಿರಣಿ. ಗಿರಣಿಯ ಸದ್ದಿಗೆ ಬೇಸತ್ತು, ಜನ ನಗುವ ಸದ್ದು ಕೇಳೋಣವೆಂದು ಈ ಕೆಲಸಕ್ಕೆ ಬಂದೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಆರಂಭದಲ್ಲಿ ಅವನ ಪಾರ್ಕಿನಲ್ಲಿದ್ದದ್ದು ಒಂದು ಚಕ್ರ, ಸುತ್ತುವ ಕುದುರೆಗಳು, ಮಕ್ಕಳ ಕಾರುಗಳು. ಸುತ್ತಲಿನ ಊರುಗಳ ಜನ ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದರು. ಅಷ್ಟರಿಂದ ಪಾರ್ಕು ನಡೆಯುವಂತಿರಲಿಲ್ಲ.

ಸಾಲ ಮಾಡಿ ಒಂದು ರೋಲರ್ ಕೋಸ್ಟರ್ ತರಿಸಿದ. ಜನ ಅದನ್ನು ರೈಲು ಎಂದೇ ಕರೆದರು. ಅದರ ಎತ್ತರದ ಕಮಾನು ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಬಹಳ ದೂರದಿಂದ ಕಾಣುತ್ತಿತ್ತು. ಆ ವರ್ಷ ಬೇರೆ ಜಿಲ್ಲೆಗಳಿಂದ ಬಸ್ಸು ಮಾಡಿಕೊಂಡು ಬಂದರು. ಕೆಲವು ವರ್ಷಗಳಲ್ಲಿ ಬರುವವರು ಕಡಿಮೆಯಾದರು. ಅದಕ್ಕಿಂತ ದೊಡ್ಡ ರೈಲು ತರಿಸಿದ, ಮತ್ತೆ ಬಂದರು. ಪಾರ್ಕಿನ ವ್ಯವಹಾರ ನೋಡಿಕೊಳ್ಳಲು ಕೊಟ್ರೇಶ ಎಂಬ ಮ್ಯಾನೇಜರನನ್ನು ಇಟ್ಟುಕೊಂಡಿದ್ದ. ಕೆಲಸ ಬಲ್ಲ ಮನುಷ್ಯ. ಬಾಗಿಲಲ್ಲಿ ಟಿಕೆಟ್ ಕೊಳ್ಳುವವರು ಮೊದಲು ಏನು ಕೇಳುತ್ತಾರೆ ಎಂಬುದರ ಮೇಲೆ ಅವನ ಲೆಕ್ಕಾಚಾರವೆಲ್ಲ ನಿಂತಿರುತ್ತಿತ್ತು. ಅವರು ಕೇಳುತ್ತಿದ್ದದ್ದು, ಹೊಸ ರೈಲು ಎಲ್ಲಿದೆ ಎಂದು.

ಮೂರನೆಯ ರೈಲಿಗೆ ಹಣ ಕೂಡಿಸಿಟ್ಟಿದ್ದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮುರಿಗೆಪ್ಪ ಪಾರ್ಕನ್ನು ಸುತ್ತುತ್ತಿದ್ದ. ರೈಲಿನ ಬುಡದಲ್ಲಿ ಸಿಮೆಂಟಿನ ಬೆಂಚುಗಳಿದ್ದವು. ಅವುಗಳನ್ನು ಅವನು ಅಷ್ಟು ದಿನವೂ ನೋಡಿದ್ದ. ಅಲ್ಲಿ ಕೂತವರನ್ನು ಆ ದಿನ ನೋಡಿದ. ಎಲ್ಲ ಬೆಂಚುಗಳೂ ತುಂಬಿದ್ದವು. ಮಂಡಿನೋವಿನವರು, ಎದೆನೋವಿನವರು, ಬಸುರಿಯರು, ಇನ್ನೂ ಎತ್ತರ ಸಾಲದ ಮಕ್ಕಳು, ಆ ಮಕ್ಕಳನ್ನು ಸಮಾಧಾನ ಮಾಡುವವರು. ಕೆಲವು ಹೆಂಗಸರ ಸುತ್ತ ಚೀಲ, ಚಪ್ಪಲಿ, ನೀರಿನ ಬಾಟಲಿಗಳ ರಾಶಿ. ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರು.

ಮುರಿಗೆಪ್ಪ ಒಬ್ಬ ಹೆಂಗಸಿನ ಪಕ್ಕದಲ್ಲಿ ಕೂತ. ತಾನು ಯಾರೆಂದು ಹೇಳಲಿಲ್ಲ. ಪಾರ್ಕಿಗೆ ಇನ್ನೇನು ಬಂದರೆ ಚೆನ್ನ ಎಂದು ಕೇಳಿದ.

“ಇದಕ್ಕಿಂತ ದೊಡ್ಡ ರೈಲು ಬರಲಿ ಅಂತಾರ್ರೀ ಹುಡುಗರು” ಎಂದಳು ಆಕೆ.

“ಹುಡುಗರು ಅನ್ನಲಿ. ನಿಮಗೇನು ಬೇಕು?”

ಆ ಪ್ರಶ್ನೆ ಆಕೆಗೆ ಸರಿಯಾಗಿ ಅರ್ಥವಾದಂತೆ ಕಾಣಲಿಲ್ಲ. “ನನಗೇನ್ರೀ? ಇವನ್ನೆಲ್ಲ ಹಿಡಕೊಂಡು ಯಾರಾದ್ರೂ ಕೂಡಬೇಕಲ್ಲ” ಎಂದು ಮತ್ತೆ ಮೇಲೆ ನೋಡತೊಡಗಿದಳು.

ಮುರಿಗೆಪ್ಪ ಅಲ್ಲಿಂದ ಎದ್ದು ಬಂದ. ಬಾಗಿಲಲ್ಲಿ ಇವರೂ ಟಿಕೆಟ್ ಕೊಂಡೇ ಬಂದಿದ್ದಾರೆ, ನಾನು ಇವರಿಗೆ ಒಂದು ಬೆಂಚು ಕೊಟ್ಟಿದ್ದೇನೆ ಎಂದು ಅವನ ಮನಸ್ಸಿಗೆ ಚುಚ್ಚಿತು. ಕೊಟ್ರೇಶನನ್ನು ಕರೆದು, ಈ ಸಲ ರೈಲು ಬೇಡ, ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಆಟ ಬೇಕು ಎಂದ. ಕೊಟ್ರೇಶ ಬೇಡವೆಂದು ಪರಿಪರಿಯಾಗಿ ಹೇಳಿದ. ಅಂಥ ಆಟಕ್ಕೆ ಖರ್ಚೇನೂ ಕಡಿಮೆಯಾಗುವುದಿಲ್ಲ, ನಡೆಸಲು ಅಷ್ಟೇ ಜನ ಬೇಕು, ಅದನ್ನು ತಯಾರಿಸುವವರು ಅಪರೂಪ, ಬಿಡಿಭಾಗ ಕೆಟ್ಟರೆ ತಿಂಗಳುಗಟ್ಟಲೆ ಕಾಯಬೇಕು ಎಂದ. ಎಲ್ಲವೂ ನಿಜವೇ. ಮುರಿಗೆಪ್ಪ ಕೇಳಿಸಿಕೊಂಡ, ಒಪ್ಪಲಿಲ್ಲ.

ಹೀಗೆ ತೂಗುದೋಣಿ ಬಂತು. ದೊಡ್ಡ ಮರದ ದೋಣಿ. ಒಳಗೆ ಎದುರುಬದುರು ಆಸನಗಳು. ನಾಲ್ಕು ತೋಳುಗಳ ಮೇಲೆ ಅದು ನಿಧಾನವಾಗಿ ಏರಿ, ಪಾರ್ಕಿನ ಹಿಂದಿನ ಕೆರೆಯ ಮೇಲಕ್ಕೆ ಸರಿದು, ಅಲ್ಲಿ ಸ್ವಲ್ಪ ಹೊತ್ತು ತೂಗಿ ಇಳಿಯುತ್ತಿತ್ತು. ಮೊಮ್ಮಗಳ ಎದುರಿಗೆ ಅಜ್ಜ ಕೂರಬಹುದಾಗಿತ್ತು. ಬಸುರಿಯೂ ಕೂರಬಹುದಾಗಿತ್ತು. ಚೀಲಗಳನ್ನು ಕಾಲ ಬಳಿ ಇಟ್ಟುಕೊಳ್ಳಲು ಮುರಿಗೆಪ್ಪ ಜಾಗ ಮಾಡಿಸಿದ್ದ.

ಹತ್ತಿದವರಿಗೆಲ್ಲ ಅದು ಹಿಡಿಸಿತು. ಮುರಿಗೆಪ್ಪ ಇಳಿಯುವ ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದ. ಹತ್ತುವಾಗ ಒಬ್ಬರಿಂದೊಬ್ಬರು ಮುಖ ತಿರುಗಿಸಿಕೊಂಡಿದ್ದ ಗಂಡಹೆಂಡಿರು ಇಳಿಯುವಾಗ ಏನೋ ಮಾತಾಡಿಕೊಳ್ಳುತ್ತಿದ್ದರು. ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎಂದು ಊಟದ ಕಡೆಗೆ ಹೋಗುತ್ತಿದ್ದರು. ಅವನಿಗೆ ಬಹಳ ಸಂತೋಷವಾಯಿತು. ಜೀವನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಹೆಂಡತಿಗೆ ಹೇಳಿದ.

ಆದರೆ ಬಾಗಿಲಲ್ಲಿ ಜನ ಹೆಚ್ಚಲಿಲ್ಲ. ಪತ್ರಿಕೆಯವರು ಬಂದು ಫೋಟೋ ತೆಗೆದರು, ಅದರಲ್ಲಿ ಕೆರೆಯ ಮೇಲೆ ಒಂದು ದೋಣಿ ಇತ್ತು, ಅಷ್ಟೇ. ಪ್ರತಿವರ್ಷ ಮಕ್ಕಳನ್ನು ಕರೆತರುತ್ತಿದ್ದ ಒಬ್ಬ ಹೆಡ್ಮಾಸ್ತರರು ಫೋನಿನಲ್ಲಿ ಈ ವರ್ಷ ಹೊಸದೇನಿದೆ ಎಂದು ವಿಚಾರಿಸಿದರು. ತೂಗುದೋಣಿ ಎಂದಾಗ, ತೂಗುವುದು ತಾನೇ, ಅಂಥದ್ದು ಎಲ್ಲ ಕಡೆಯೂ ಇದೆಯಲ್ಲ ಎಂದರು. ಪಕ್ಕದ ಜಿಲ್ಲೆಯ ಪಾರ್ಕಿನಲ್ಲಿ ತಲೆಕೆಳಗಾಗಿ ಓಡುವ ರೈಲು ಬಂದಿತ್ತು. ಶಾಲೆಗಳ ಬಸ್ಸುಗಳು ಆ ಕಡೆ ತಿರುಗಿದವು.

ಮಳೆಗಾಲಕ್ಕೆ ಕೆಲಸಗಾರರ ಸಂಬಳ ತಡವಾಯಿತು. ಕೆಲವರು ಬಿಟ್ಟುಹೋದರು. ಮದುವೆ ನಿಶ್ಚಯವಾಗಿದ್ದ ಒಬ್ಬ ಹುಡುಗಿ ಟಿಕೆಟ್ ಕೌಂಟರಿನಲ್ಲಿ ಕೂತೇ ಅತ್ತಳು. ಮುರಿಗೆಪ್ಪ ಕೊಟ್ರೇಶನನ್ನು ಕರೆದು, ನನ್ನ ದೋಣಿಯಲ್ಲಿ ಏನು ದೋಷವಿದೆ ಹೇಳು ಎಂದು ಕೇಳಿದ.

“ದೋಷ ಏನೂ ಇಲ್ಲ ಯಜಮಾನರೇ. ಹತ್ತಿದವರು ಒಬ್ಬರೂ ಬೇಸರ ಪಟ್ಟಿಲ್ಲ” ಎಂದ ಕೊಟ್ರೇಶ. “ಅದಕ್ಕೋಸ್ಕರ ಒಬ್ಬರೂ ಮನೆಯಿಂದ ಹೊರಟಿಲ್ಲ.”

ಆ ಚಳಿಗಾಲದಲ್ಲಿ ದೋಣಿಯ ಒಂದು ತೋಳಿನ ಬೇರಿಂಗು ಸವೆಯಿತು. ತಯಾರಿಸಿದ ಕಂಪನಿ ಆ ಕೆಲಸವನ್ನೇ ನಿಲ್ಲಿಸಿತ್ತು. ಹೊಸದಾಗಿ ಎರಕ ಹೊಯ್ಯಿಸಲು ಕೇಳಿದ ಹಣದಲ್ಲಿ ಕೆಲಸಗಾರರ ಬಾಕಿಯೆಲ್ಲ ತೀರುತ್ತಿತ್ತು. ಮುರಿಗೆಪ್ಪ ಬಾಕಿ ತೀರಿಸಿದ. ದೋಣಿಯನ್ನು ಬಿಚ್ಚಿಸಿದ. ಬ್ಯಾಂಕಿನವರು ರೈಲಿಗಾದರೆ ಸಾಲ ಕೊಡುತ್ತೇವೆ ಎಂದರು. ಕೆರೆಯ ದಡದಲ್ಲಿ ಮೂರನೆಯ ರೈಲು ನಿಂತಿತು. ಬಸ್ಸುಗಳು ಬಂದವು. ಬಿಟ್ಟುಹೋದವರಲ್ಲಿ ಹಲವರು ಕೆಲಸಕ್ಕೆ ಮರಳಿದರು. ಟಿಕೆಟ್ ಕೌಂಟರಿನ ಹುಡುಗಿಯ ಮದುವೆಗೆ ಮುರಿಗೆಪ್ಪನೇ ಹೋಗಿ ಅಕ್ಷತೆ ಹಾಕಿ ಬಂದ.

ದೋಣಿ ಎಲ್ಲಿ ಎಂದು ಒಬ್ಬರಾದರೂ ಕೇಳುತ್ತಾರೆಂದು ಅವನು ಕಾದ. ಯಾರೂ ದೂರು ಹೇಳಲಿಲ್ಲ.

ಬಹಳ ದಿನಗಳ ಮೇಲೆ ಒಬ್ಬ ಮುದುಕಿ ಹೊಸ ರೈಲಿನ ಹತ್ತಿರ ನಿಂತು ಅತ್ತಿತ್ತ ನೋಡುತ್ತಿದ್ದಳು. ಏನು ಹುಡುಕುತ್ತಿದ್ದೀರಿ ತಾಯಿ ಎಂದು ಮುರಿಗೆಪ್ಪ ಕೇಳಿದ. ಇಲ್ಲೊಂದು ದೋಣಿ ಇತ್ತು ಎಂದಳು. ಹಿಂದೆ ಬಂದಾಗ ತನ್ನ ಯಜಮಾನರ ಜೊತೆ ಅದರಲ್ಲಿ ಕೂತಿದ್ದಳಂತೆ. ಅವರಿಗೆ ಆಗಲೇ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ದೋಣಿ ಕೆರೆಯ ಮೇಲೆ ಹೋದಾಗ ಬಲಗೈಯಿಂದ ಅವಳ ಕೈ ಹಿಡಿದುಕೊಂಡಿದ್ದರು. ಈಗ ಅವರಿಲ್ಲ. ಮೊಮ್ಮಕ್ಕಳು ಈ ಕಡೆ ಹೊರಟಾಗ ತಾನೂ ಬರುತ್ತೇನೆಂದು ಹಟ ಮಾಡಿ ಬಂದಿದ್ದಳು.

ಅದನ್ನು ಬಿಚ್ಚಿದೆವು ತಾಯಿ ಎಂದ ಮುರಿಗೆಪ್ಪ.

“ಯಾಕ?”

“ಯಾರೂ ಬೇಕು ಅನ್ನಲಿಲ್ಲ.”

“ಬೇಕು ಅಂತ ಹೇಳಬೇಕಾಗಿತ್ತೇನಪ್ಪಾ? ಅದು ಇತ್ತು. ನಾವು ಹತ್ತಿದ್ವಿ” ಎಂದಳು ಮುದುಕಿ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಮೊಮ್ಮಕ್ಕಳು ಓಡಿಬಂದು ತಮ್ಮ ಚಪ್ಪಲಿಗಳನ್ನು ಅವಳ ಕಾಲ ಬಳಿ ಬಿಟ್ಟು ರೈಲಿನ ಸಾಲಿಗೆ ಹೋದರು. ಅವಳು ಅವುಗಳನ್ನು ಜೋಡಿಸಿಟ್ಟು ಬೆಂಚಿನ ಮೇಲೆ ಕೂತಳು. ಮುರಿಗೆಪ್ಪನಿಗೆ ಅವಳ ಪಕ್ಕದಲ್ಲಿ ಕೂರಬೇಕೆನಿಸಿತು, ಕೂರಲಾಗಲಿಲ್ಲ. ಕಚೇರಿಗೆ ಹೋಗಿ ಕೆಲಸ ನೋಡಿಕೊಂಡ. ಆಮೇಲೂ ಅವನ ಪಾರ್ಕು ಚೆನ್ನಾಗಿ ನಡೆಯಿತು. ಮುಂದೆ ಅವನು ರೈಲುಗಳನ್ನೇ ಕಟ್ಟಿದ.

ಗುರುಗಳು ಕತೆ ನಿಲ್ಲಿಸಿದರು.

ನಿರಂಜನನ ಮುಖ ಕೆಂಪಾಗಿತ್ತು. ಮುರಿಗೆಪ್ಪ ಇನ್ನೊಂದು ವರ್ಷ ತಡೆದುಕೊಳ್ಳಬೇಕಿತ್ತು ಎಂದ. ಆಮೇಲೆ, ಅವನೂ ಏನು ಮಾಡಿಯಾನು, ಅಷ್ಟು ಜನರ ಅನ್ನದ ಪ್ರಶ್ನೆ ಎಂದ. ಆ ಹೆಡ್ಮಾಸ್ತರರದು ತಪ್ಪು, ಬ್ಯಾಂಕಿನವರದು ತಪ್ಪು ಎಂದ. ಯಾವುದೂ ಅವನಿಗೇ ಸಮಾಧಾನ ಕೊಡಲಿಲ್ಲ.

“ಹಾಗಾದರೆ ಆ ದೋಣಿಯನ್ನು ಬಿಚ್ಚಿಸಿದವರು ಯಾರು ಬುದ್ಧಿ?” ಎಂದು ಕೊನೆಗೆ ಕೇಳಿದ.

ಗುರುಗಳು ಹೇಳಿದರು: “ಪ್ರವಾಸದಿಂದ ಬಂದಾಗಿನಿಂದ ಊಟದ ಪಂಕ್ತಿಯಲ್ಲಿ ನೀನು ಎಲ್ಲರಿಗೂ ಯಾವ ಆಟದ ಸುದ್ದಿ ಹೇಳುತ್ತಿದ್ದೀಯೆ, ನಿರಂಜನ?”

“ರೋಲರ್ ಕೋಸ್ಟರಿನದು, ಬುದ್ಧಿ” ಎಂದ ನಿರಂಜನ.